ಹಿಮದ ಬೆಟ್ಟದ ಬುಡದಲ್ಲಿ ಒಂದು ಸಂಬಂಧದ ಊಟ

ಬೂತಾಯಿ ಮೀನಿನ ಹೊಟ್ಟೆ ಸೀಳಿ ತೊಳೆಯುತ್ತಿದ್ದೆ. ಕೈಯೆಲ್ಲ ಹುರುಪೆ, ರಕ್ತ. ಆಗಲೇ ಫೋನು ಬಡಿದುಕೊಂಡಿತು. ಮಗಳು ಓಡಿ ಬಂದು, ಹೆಸರು ನೋಡಿ, ನಾಚಿ ಮುಖ ಕೆಂಪಾಗಿ, ಫೋನನ್ನು ಸ್ಪೀಕರಿಗೆ ಹಾಕಿ ಸಿಂಕಿನ ಪಕ್ಕದ ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ತಾನು ಹೋಗಲಿಲ್ಲ. ಬಾಗಿಲ ಮರೆಯಲ್ಲೇ ನಿಂತಳು.

ಫೋನು ಮಾಡಿದವರು ಹುಡುಗನ ತಾಯಿ. ಊರಿನ ಪರಿಚಯದವರೊಬ್ಬರ ಮೂಲಕ ಬಂದ ಸಂಬಂಧ ಅದು. ನಮ್ಮ ಹಾಗೆಯೇ ಈ ಅರಬರ ದೇಶಕ್ಕೆ ದುಡಿಯಲು ಬಂದ ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರು. ತಂದೆಗೆ ದೇರಾದಲ್ಲಿ ವ್ಯಾಪಾರ, ಹುಡುಗನಿಗೆ ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಕೆಲಸ. ಎರಡೂ ಮನೆಯವರ ಒಪ್ಪಿಗೆಯಿಂದಲೇ ಹುಡುಗ ಹುಡುಗಿ ಒಂದು ತಿಂಗಳಿಂದ ಫೋನಿನಲ್ಲಿ ಮಾತಾಡುತ್ತಿದ್ದರು. ಊದ್ ಮೇಥಾದ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳಿ ಸುಸ್ತಾಗಿ ಬರುವ ನನ್ನ ಮಗಳು ಆ ಒಂದು ತಿಂಗಳು ನಗುತ್ತಿದ್ದಳು. ಅವಳಿಗೆ ಇಪ್ಪತ್ತಾರು ಆಗಿತ್ತು. ಮೊದಲು ಬಂದ ಎರಡು ಸಂಬಂಧಗಳು ಮಾತಿನಲ್ಲೇ ಮುರಿದಿದ್ದವು. ಇದೊಂದು ಆಗಲಿ ಎಂದು ನಾನು ಪ್ರತಿ ನಮಾಝಿನಲ್ಲಿ ಕೈಯೆತ್ತಿ ಕೇಳಿದ್ದೆ. ಅವರು ನಮ್ಮ ಮನೆಗೆ ಬರುತ್ತಾರೆಂದು ಪರದೆಗಳನ್ನೆಲ್ಲ ತೊಳೆದು ಹಾಕಿಯೂ ಆಗಿತ್ತು.

"ಮನೆಗೆ ಬರುದು ಬೇಡ ಅಂತಾನೆ ಮಾರಾಯ್ರೆ ಮಗ" ಎಂದರು ಅವರು. "ಈಗಿನ ಮಕ್ಕಳಿಗೆ ಅದು ಇಂಟರ್‌ವ್ಯೂ ಹಾಗೆ ಆಗ್ತದಂತೆ. ಮಾಲಿನ ಒಳಗೆ ಆ ಹಿಮದ ಬೆಟ್ಟ ಉಂಟಲ್ಲ, ಜಾರಿ ಆಡುದು? ಅದರ ಬುಡದಲ್ಲೇ ಒಂದು ರೆಸ್ಟೋರೆಂಟ್. ಶನಿವಾರ ಸಂಜೆ ಅಲ್ಲೇ ಕೂತು ಮಾತಾಡುವ."

"ಅಲ್ಲಿ ತಿನ್ಲಿಕ್ಕೆ ಎಂತ ಸಿಗ್ತದೆ?" ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಎಲ್ಲ ಸಿಗ್ತದೆ. ಚೀಸಿನದ್ದೊಂದು ಉಂಟು. ಎಲ್ಲರೂ ಒಂದೇ ಪಾತ್ರೆಯಿಂದ ತಿನ್ನುದು. ನಮ್ಮ ಊರಿನ ಒಂದೇ ತಟ್ಟೆ ಊಟದ ಹಾಗೆ, ಆದ್ರೆ ಡೀಸೆಂಟ್!"

ಫೋನು ಇಟ್ಟ ಮೇಲೆ ನನಗೆ ಚುಚ್ಚಿದ್ದು ಆ ಕೊನೆಯ ಮಾತು. ನಮ್ಮಲ್ಲಿ ಮದುವೆ ಮನೆಯಲ್ಲಿ ದೊಡ್ಡ ತಟ್ಟೆಯೊಂದಕ್ಕೆ ಅನ್ನ ಹಾಕಿ ನಾಲ್ಕೈದು ಜನ ಸುತ್ತ ಕೂತು ಉಣ್ಣುವುದುಂಟು. ಅದರಲ್ಲಿ ಡೀಸೆಂಟ್ ಇಲ್ಲದ್ದು ಎಂತ ಉಂಟು? ಅವರವರ ಮುಂದಿನ ಪಾಲನ್ನು ಅವರವರು ತಿನ್ನಬೇಕು. ಪಕ್ಕದವರ ಕಡೆಗೆ ಬೆರಳು ಹೋಗಬಾರದು. ಬಾಯಿಗೆ ಹೋದ ಕೈ ತಟ್ಟೆಯ ನಡುವಿಗೆ ಹೋಗಬಾರದು. ನಡುವಿನ ಮಾಂಸವನ್ನು ಹಿರಿಯರು ಮುರಿದು ಎಲ್ಲರ ಮುಂದೆ ಇಡುತ್ತಾರೆ. ಇನ್ನೊಂದು ಮಾತೂ ಉಂಟು. ಸಂಬಂಧ ಪಕ್ಕಾ ಆಗುವ ಮೊದಲು ಎರಡು ಮನೆಯವರು ಒಂದೇ ತಟ್ಟೆಗೆ ಕೈ ಹಾಕುವುದಿಲ್ಲ. ಕೈ ಹಾಕಿದರೆ ಒಪ್ಪಿದ ಹಾಗೆ. ಅಲ್ಲಿಯವರೆಗೆ ಚಹಾ, ಹೆಚ್ಚೆಂದರೆ ಒಂದು ಬಿಸ್ಕೆಟು. ನನ್ನನ್ನು ಹೆತ್ತ ಉಮ್ಮ ಹೇಳಿಕೊಟ್ಟದ್ದು ಹಾಗೆ.

"ನೋಡಿ, ಅಲ್ಲಿ ಚಹಾ ಮಾತ್ರ ಕುಡಿಯುದು" ಎಂದು ಗಂಡನಿಗೆ ಹೇಳಿದೆ. ಅವರು ಜೆಬೆಲ್ ಅಲಿಯ ಗೋದಾಮಿನಿಂದ ಕಂಪನಿ ಬಸ್ಸಿನಲ್ಲಿ ಆಗಷ್ಟೇ ಬಂದು ಸಾಕ್ಸು ಬಿಚ್ಚುತ್ತಿದ್ದರು.

"ಅಷ್ಟು ದೂರ ಹೋಗಿ ಬರೀ ಚಹಾವಾ?" ಎಂದರು. ನನ್ನ ಮುಖ ನೋಡಿ, "ಆಯ್ತು, ಖಲಾಸ್" ಎಂದು ಇನ್ನೊಂದು ಕಾಲಿನ ಸಾಕ್ಸು ಎಳೆದರು.

ಶನಿವಾರ ಮೆಟ್ರೋದಲ್ಲಿ ಹೋದೆವು. ಹೊರಗೆ ಬಸ್‌ಸ್ಟಾಪಿನ ಕಂಬಿ ಮುಟ್ಟಿದರೆ ಬೊಬ್ಬೆ ಬರುವಂಥ ಸೆಖೆ. ಅಲ್ಲಿ ಚಳಿ ಇರುತ್ತದೆಂದು ನಾನು ಕಪ್ಪು ನಿಲುವಂಗಿ ಅಬಾಯದ ಒಳಗೆ ಮಗಳ ಹಳೇ ಸ್ವೆಟರ್ ಹಾಕಿಕೊಂಡಿದ್ದೆ. ಸ್ಟೇಶನ್ ತಲುಪುವಷ್ಟರಲ್ಲಿ ಬೆನ್ನು ಒದ್ದೆ. ಅದರ ಮೇಲೆ ಆ ರೆಸ್ಟೋರೆಂಟಿನಲ್ಲಿ ಚಳಿಯೇ ಇರಲಿಲ್ಲ! ಚಳಿ ಇದ್ದದ್ದು ಗಾಜಿನ ಆಚೆ. ಮಾಲಿನ ಹೊಟ್ಟೆಯೊಳಗೆ ಎತ್ತರಕ್ಕೆ ಎದ್ದ ಬಿಳಿ ಇಳಿಜಾರು, ಮೇಲಕ್ಕೆ ಹೋಗುವ ತೂಗು ಕುರ್ಚಿಗಳು, ಕಾಲಿಗೆ ಹಲಗೆ ಕಟ್ಟಿಕೊಂಡು ಜಾರಿ ಬೀಳುವ ಜನ. ಗಾಜಿನ ಈಚೆ ಮರದ ಗೋಡೆ, ಗೋಡೆಯಲ್ಲಿ ಕೊಂಬಿನ ತಲೆ, ಒಂದು ಒಲೆ. ಹತ್ತಿರ ಹೋಗಿ ನೋಡಿದರೆ ಒಲೆಯಲ್ಲಿ ಬೆಂಕಿ ಇಲ್ಲ, ಬೆಂಕಿಯ ವಿಡಿಯೋ. ಮರುಭೂಮಿಯಲ್ಲಿ ಕರೆಂಟು ಸುಟ್ಟು ಹಿಮ ಮಾಡುವುದು, ಆ ಹಿಮದ ಮುಂದೆ ಕೂತು ಟೀವಿಯ ಬೆಂಕಿಗೆ ಕೈ ಕಾಯಿಸುವುದು. ಅಸ್ತಗ್‌ಫಿರುಲ್ಲಾ, ಅಲ್ಲಾಹು ಕ್ಷಮಿಸಲಿ ಎಂದುಕೊಂಡೆ.

ಅದಕ್ಕಿಂತ ಮೊದಲು ಮೂಗಿಗೆ ಬಡಿದದ್ದು ವಾಸನೆ. ಮೂರು ದಿನ ಬಕೆಟಿನಲ್ಲಿ ಮರೆತ ಒದ್ದೆ ಸಾಕ್ಸಿನ ವಾಸನೆ ಇರುತ್ತದಲ್ಲ, ಅದೇ. ಜಾರಿ ಆಡಿ ಬಂದವರ ಬೂಟಿನದ್ದೆಂದು ತಿಳಿದೆ. ಅಲ್ಲ, ಅದು ಬಿಸಿ ಚೀಸಿನದ್ದು. ಬೂಟಿನದ್ದು ಬೇರೆಯೇ ಇತ್ತು. ಬಾಡಿಗೆಯ ದಪ್ಪ ಜಾಕೆಟಿನೊಳಗೆ ಬೆವರಿದ ಜನ ಹಾಗೆಯೇ ಬಂದು ಕೂತು, ಕೈ ತೊಳೆಯದೆ ತಿನ್ನುತ್ತಿದ್ದರು. ಬೂಟಿಗೆ ಅಂಟಿದ ಹಿಮ ಕರಗಿ ಮೇಜಿನ ಕೆಳಗೆ ಕಪ್ಪು ನೀರು.

ಹುಡುಗ ಎದ್ದು ನಿಂತು ಸಲಾಂ ಹೇಳಿದ. ನೋಡಲಿಕ್ಕೆ ಚಂದದ ಹುಡುಗ, ಅದರಲ್ಲಿ ಸುಳ್ಳಿಲ್ಲ. ನನ್ನ ಗಂಡನಿಗೆ ಕುರ್ಚಿ ಎಳೆದುಕೊಟ್ಟ. ಅವನ ತಾಯಿ ಕಲ್ಲು ಕೂರಿಸಿದ ಅಬಾಯ ಹಾಕಿದ್ದರು. ನನ್ನನ್ನು ತಬ್ಬಿ, ಮಗಳನ್ನು ಎಳೆದು ತನ್ನ ಪಕ್ಕದಲ್ಲೇ ಕೂರಿಸಿಕೊಂಡರು. ಹುಡುಗನ ತಂದೆ ಇರಲಿಲ್ಲ. ಕಂಟೇನರ್ ಬಂದಿದೆಯೆಂದು ಬಂದರಿಗೆ ಹೋಗಿದ್ದರಂತೆ.

"ಹೋದ ಚಳಿಗಾಲ ಜಾರ್ಜಿಯಾಕ್ಕೆ ಹೋಗಿದ್ದೆವು ಅಂಕಲ್, ಆಫೀಸಿನವರೆಲ್ಲ" ಎಂದು ಹುಡುಗ ಫೋನು ತೆಗೆದ. "ಅಲ್ಲಿಯದ್ದು ರಿಯಲ್ ಬೆಟ್ಟ. ಇದು ಅದರ ಟ್ರೈಲರ್ ಅಷ್ಟೇ."

ವಿಡಿಯೋದಲ್ಲಿ ಮೊದಲು ಬೆಟ್ಟ ಕಂಡಿತು. ಸುಬ್‌ಹಾನಲ್ಲಾ, ಎಂಥ ಬೆಟ್ಟ! ಸಂಜೆಯ ಬಿಸಿಲು ಬಿದ್ದು ಹಿಮವೆಲ್ಲ ಬಂಗಾರ. ಸೃಷ್ಟಿಸಿದವನು ಎಷ್ಟು ಚಂದ ಮಾಡಿಟ್ಟಿದ್ದಾನೆ ಎಂದು ಮನಸ್ಸು ತುಂಬಿತು. ಅದು ತುಂಬಿದ್ದು ಒಂದು ಗಳಿಗೆ. ಮುಂದಿನದು ಬೆಟ್ಟದ ಬುಡದ ಹೋಟೆಲು. ಬಣ್ಣದ ದೀಪ, ಎದೆ ಗುದ್ದುವ ಹಾಡು, ಕೈಯಲ್ಲಿ ಗ್ಲಾಸು. ಊಟದ ಮೇಜುಗಳ ಮೇಲೆ ಹತ್ತಿ ನಿಂತು ಬೂಟುಗಾಲಲ್ಲಿ ಕುಣಿಯುವ ಜನ! ತಟ್ಟೆಗಳು ಹಾಗೇ ಇವೆ, ಬ್ರೆಡ್ಡಿನ ತುಂಡುಗಳು ಹಾಗೇ ಇವೆ, ಅವುಗಳ ನಡುವೆ ಬೂಟು. ಒಬ್ಬಳ ಹಿಮ್ಮಡಿಯ ಕೆಳಗೆ ಬ್ರೆಡ್ಡಿನ ಚೂರು ಒತ್ತಿ ಚಪ್ಪಟೆಯಾದದ್ದು ನನಗೆ ಸರಿಯಾಗಿ ಕಂಡಿತು. ನೆಲಕ್ಕೆ ಬಿದ್ದ ರೊಟ್ಟಿಯ ತುಂಡನ್ನು ಎತ್ತಿ ಕಣ್ಣಿಗೆ ಒತ್ತಿ ಬದಿಗಿಡುವ ಮನೆಯಲ್ಲಿ ಬೆಳೆದವಳು ನಾನು.

"ಮೇಜಿನ ಮೇಲೆ ಕುಣಿದವರಿಗೆ ಅಲ್ಲಿ ಬೈಯುದಿಲ್ವಾ ಮಗಾ?" ಎಂದು ಕೇಳಿದೆ.

"ಬೈಯುದಾ? ಮೇಜು ಇರುದೇ ಅದಕ್ಕೆ ಆಂಟಿ!" ಎಂದು ನಕ್ಕ. "ದಿನವೆಲ್ಲ ಹಿಮದಲ್ಲಿ ಆಡಿ ಸಂಜೆಗೆ ಹಾಗೆ ಒಂದು ಫನ್. ನಾವು ಮದುವೆಯಾದ ಮೇಲೆ ಮೊದಲು ಅಲ್ಲಿಗೇ ಹೋಗುದು."

ಮಗಳು ತಲೆ ತಗ್ಗಿಸಿ ನಕ್ಕಳು. ನನ್ನ ಗಂಡ ವಿಡಿಯೋ ಮುಗಿದ ಮೇಲೂ ಪರದೆಯನ್ನೇ ನೋಡುತ್ತ, "ಚಳಿ ಜಾಸ್ತಿ ಇರ್ಬೇಕು ಅಲ್ಲಿ" ಎಂದರು. ಇಂಥಲ್ಲಿ ಅವರ ಮಾತು ಯಾವಾಗಲೂ ಹವಾಮಾನಕ್ಕೇ ಹೋಗಿ ಮುಟ್ಟುತ್ತದೆ.

ಆಮೇಲೆ ಆ ಪಾತ್ರೆ ಬಂತು. ಕೆಂಪು ಮಡಕೆಯಂಥದ್ದು, ಕೆಳಗೆ ಸಣ್ಣ ಉರಿ. ಅದು ಮಾತ್ರ ನಿಜವಾದ ಬೆಂಕಿ. ಒಳಗೆ ಹಳದಿಯ ಅಂಟು ಕೊತಕೊತ ಕುದಿಯುತ್ತಿತ್ತು. ಸುತ್ತ ಬ್ರೆಡ್ಡಿನ ತುಂಡು, ಬೇಯಿಸಿದ ಆಲೂಗಡ್ಡೆ, ಉಪ್ಪಿನಲ್ಲಿ ಹಾಕಿದ ಮಿಡಿ ಸೌತೆ. ಒಬ್ಬೊಬ್ಬರಿಗೆ ಒಂದೊಂದು ಉದ್ದ ಫೋರ್ಕು. ಬ್ರೆಡ್ಡನ್ನು ಅದಕ್ಕೆ ಚುಚ್ಚಿ, ಪಾತ್ರೆಯಲ್ಲಿ ಅದ್ದಿ, ತಿರುಗಿಸಿ, ಬಾಯಿಗೆ ಇಡಬೇಕು. ಅದೇ ಫೋರ್ಕನ್ನು ಬಾಯಿಂದ ತೆಗೆದು ಮತ್ತೆ ಪಾತ್ರೆಗೆ! ಹುಡುಗ ಹಾಗೆಯೇ ಮಾಡಿದ. ನಮ್ಮ ತಟ್ಟೆ ಡೀಸೆಂಟ್ ಅಲ್ಲವಂತೆ, ಎಲ್ಲರ ಎಂಜಲು ಒಂದೇ ಪಾತ್ರೆಯಲ್ಲಿ ಕುದಿಯುವುದು ಡೀಸೆಂಟಂತೆ.

"ಬ್ರೆಡ್ ಪಾತ್ರೆಗೆ ಬಿದ್ರೆ ಶಿಕ್ಷೆ ಉಂಟು ಆಂಟಿ" ಎಂದ ಹುಡುಗ, ನಗುತ್ತ. "ಗಂಡಸರಾದ್ರೆ ಎಲ್ಲರಿಗೆ ಡ್ರಿಂಕ್ಸ್ ಕೊಡಿಸ್ಬೇಕು. ಹೆಂಗಸರಾದ್ರೆ ಪಕ್ಕದವರಿಗೆ ಒಂದು ಮುತ್ತು."

ನನ್ನ ಗಂಡ ಕೆಮ್ಮಿದರು. ಹುಡುಗನ ತಾಯಿ, "ಏ ಪೋಕರಿ, ಹಿರಿಯರ ಎದುರು!" ಎಂದು ಮಗನ ಕೈಗೆ ಪೆಟ್ಟು ಕೊಟ್ಟರು. ಆದರೆ ಅದು ಬೈದ ಪೆಟ್ಟಲ್ಲ, ಮೆಚ್ಚಿದ ಪೆಟ್ಟು. ತಾಯಂದಿರಿಗೆ ಅದರ ವ್ಯತ್ಯಾಸ ಗೊತ್ತಾಗುತ್ತದೆ.

ಪಾತ್ರೆಯಿಂದ ಒಂದು ಹುಳಿ ಆವಿ ಬರುತ್ತಿತ್ತು. ಈ ದೇಶದಲ್ಲಿ ನಾನು ಹೋಟೆಲಿನವರನ್ನು ಏನೂ ಕೇಳುವುದಿಲ್ಲ. ಇಲ್ಲಿ ಎಲ್ಲವೂ ಹಲಾಲ್ ಎಂದು ಕಣ್ಣು ಮುಚ್ಚಿ ತಿನ್ನುವುದು ನಮ್ಮೆಲ್ಲರಿಗೂ ಅಭ್ಯಾಸವಾಗಿದೆ. ಆ ದಿನ ಯಾಕೋ ಮೂಗು ಒಪ್ಪಲಿಲ್ಲ. ಬಡಿಸುವ ಹುಡುಗಿಯನ್ನು ನಿಲ್ಲಿಸಿ, ನನ್ನ ಹರಕು ಹಿಂದಿಯಲ್ಲಿ ಇದರಲ್ಲಿ ಏನು ಹಾಕುತ್ತೀರಿ ಎಂದು ಕೇಳಿದೆ. ಅವಳು ಮುಚ್ಚುಮರೆ ಇಲ್ಲದೆ, "ಚೀಸ್, ವೈಟ್ ವೈನ್, ಬೆಳ್ಳುಳ್ಳಿ ಮ್ಯಾಡಂ" ಎಂದಳು. ವೈನ್ ಇಲ್ಲದ್ದೂ ಇದೆ, ಬೇಕಾದರೆ ಅದನ್ನು ತರುತ್ತೇನೆ ಎಂದೂ ಹೇಳಿದಳು.

"ಬೇಡ ಬೇಡ, ಇದೇ ಇರ್ಲಿ" ಎಂದು ಹುಡುಗನ ತಾಯಿ ಅವಳನ್ನು ಕಳಿಸಿಬಿಟ್ಟರು. ನನ್ನ ಕಡೆ ಬಾಗಿ, "ಕುದಿದ್ರೆ ಅದೆಲ್ಲ ಹಾರಿಹೋಗ್ತದೆ ಮಾರಾಯ್ರೆ. ವೈನ್ ಇಲ್ಲದ್ದು ಇಲ್ಲಿ ಮಕ್ಕಳಿಗೆ ಕೊಡುದು. ತೆಕ್ಕೊಳ್ಳಿ, ಬಿಸಿ ಇರುವಾಗಲೇ ತಿನ್ಬೇಕು" ಎಂದು ನನ್ನ ಫೋರ್ಕಿಗೆ ತಾವೇ ಒಂದು ತುಂಡು ಚುಚ್ಚಿ ಕೊಟ್ಟರು.

ನನ್ನ ಗಂಡನ ಕೈ ಆಗಲೇ ಬ್ರೆಡ್ಡಿನ ಬುಟ್ಟಿಯ ಹತ್ತಿರ ಹೋಗಿತ್ತು. ಮೇಜಿನ ಕೆಳಗೆ ಅವರ ಕಾಲು ತುಳಿದೆ. ಕೈ ಮೆಲ್ಲ ಆಲೂಗಡ್ಡೆಯ ಕಡೆ ತಿರುಗಿತು. ಆ ಇಡೀ ಸಂಜೆ ಅವರು ಬರೀ ಬೇಯಿಸಿದ ಆಲೂಗಡ್ಡೆ ತಿಂದರು, ಪಾಪ. ಅದೂ ಅವರಿಗೆ ಇಷ್ಟ. ಅಷ್ಟಕ್ಕೆ ಅಲ್‌ಹಮ್ದುಲಿಲ್ಲಾ.

"ನನಗೆ ಬೇಡ. ನನಗೆ ಒಂದು ಚಹಾ ಸಾಕು" ಎಂದೆ. ಕುದಿದರೆ ಹಾರುತ್ತದೋ ಇಲ್ಲವೋ, ಅದರ ಮಾತು ತಿಳಿದ ಉಸ್ತಾದರಿಗೆ ಬಿಟ್ಟದ್ದು. ನನ್ನ ನಾಲಿಗೆ ಒಪ್ಪಲಿಲ್ಲ.

"ನಿಮ್ಮದು ಇನ್ನೂ ಊರಿನ ಕ್ರಮ" ಎಂದು ಅವರು ನಕ್ಕು, ತಮ್ಮ ಫೋರ್ಕನ್ನು ಅದ್ದಿ ತೆಗೆದರು. ಪಕ್ಕದಲ್ಲಿದ್ದ ನನ್ನ ಮಗಳ ಕಿವಿಯಲ್ಲಿ ಏನೋ ಹೇಳಿದರು. ಮಗಳೂ ಫೋರ್ಕು ಅದ್ದಿದಳು. ಅವಳು ನನ್ನ ಕಡೆ ನೋಡಲಿಲ್ಲ.

ಒಪ್ಪಿದಳು ಎಂದುಕೊಂಡೆ. ಕೈ ಹಾಕಿದಳಲ್ಲ, ಇನ್ನು ನನ್ನದೇನು? ಅವಳ ಬಾಳು, ಅವಳ ಬಾಯಿ. ಚಹಾ ಬಂತು. ಅದರಲ್ಲೂ ಚೀಸಿನ ವಾಸನೆಯೇ ಬಂದ ಹಾಗಾಯಿತು.

ಅಷ್ಟರಲ್ಲಿ ಗಾಜಿನ ಆಚೆ ಹಿಮಕ್ಕೆ ನೇರಳೆ ಬಣ್ಣದ ದೀಪ ಹಾಕಿದರು. ಒಳಗೆ ಹಾಡು ದೊಡ್ಡದಾಯಿತು. ಪಕ್ಕದ ಮೇಜಿನಲ್ಲಿ ಹುಡುಗನ ಆಫೀಸಿನ ದೊಡ್ಡವರು ಕೂತಿದ್ದರು. ಅವರು ಅಲ್ಲಿರುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ. ಬಡಿಸುವವರು ಅವರ ಮೇಜಿಗೆ ಜಾರುವ ಹಲಗೆ ಒಂದನ್ನು ತಂದರು. ಅದರ ಮೇಲೆ ಸಾಲಾಗಿ ನಾಲ್ಕು ಪುಟ್ಟ ಗ್ಲಾಸು ಅಂಟಿಸಿತ್ತು. ನಾಲ್ಕು ಜನ ಸಾಲಾಗಿ ನಿಂತು, ಹಲಗೆ ಎತ್ತಿ, ಒಟ್ಟಿಗೆ ಬಾಯಿಗೆ ಬಗ್ಗಿಸಿಕೊಳ್ಳಬೇಕು. ದನಕ್ಕೆ ಬಾಯಿ ಎತ್ತಿ ಮದ್ದು ಹೊಯ್ಯುತ್ತಾರಲ್ಲ, ಹಾಗೆ. ಉದ್ದ ಇದ್ದವನ ಬಾಯಿಗೆ ಹೋಯಿತು, ಗಿಡ್ಡ ಇದ್ದವಳ ಗಲ್ಲದ ಮೇಲೆ ಸುರಿದು ಕುತ್ತಿಗೆಗೆ ಇಳಿಯಿತು. ಅವಳು ಅದನ್ನು ಮೇಜಿನ ಬಟ್ಟೆಯಲ್ಲೇ ಒರೆಸಿಕೊಂಡಳು. ಅರ್ಧ ತಿಂದ ಮಾಂಸದ ತಟ್ಟೆಗೆ ಯಾರೋ ಮೂಗು ಒರೆಸಿದ ಕಾಗದ ಹಾಕಿದರು. ಆ ತಟ್ಟೆಯಲ್ಲಿ ನಮ್ಮ ಮನೆಯ ಎರಡು ಹೊತ್ತಿನ ಊಟ ಇತ್ತು.

"ಕಮ್, ಕಮ್!" ಎಂದು ಅವರು ಹುಡುಗನನ್ನು ಕರೆದರು. ಹುಡುಗ ತಾಯಿಯ ಮುಖ ನೋಡಿದ. ತಾಯಿ ಕಣ್ಣಲ್ಲೇ ಹೋಗು ಎಂದರು.

"ಸಾಯ್ಬರು ಕರೆದಾಗ ಹೋಗದಿದ್ರೆ ಆಗ್ತದಾ?" ಎಂದು ನಮಗೆ ಹೇಳಿದರು. "ಅವನಿಗೆ ಜ್ಯೂಸ್ ಹಾಕಿ ಕೊಡ್ತಾರೆ."

ಅವನ ಗ್ಲಾಸಿನಲ್ಲಿ ಇದ್ದದ್ದು ಏನೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದು. ಹಲಗೆ ಎತ್ತಿದ್ದನ್ನು ಮಾತ್ರ ಕಂಡೆ.

ಸರಿಯಾಗಿ ಆಗಲೇ ಮಾಲಿನಲ್ಲಿ ಸಂಜೆಯ ನಮಾಝಿಗೆ ಕರೆಯುವ ಮಗ್ರಿಬ್ ಬಾಂಗ್ ಕೇಳಿಸಿತು. ಆ ಸದ್ದು ಕೇಳಿದ ಕೂಡಲೇ ನನಗೆ ಉಸಿರು ಬಂದ ಹಾಗಾಯಿತು. "ನಮಾಝ್ ಮಾಡಿ ಬರ್ತೇನೆ" ಎಂದು ಎದ್ದೆ. ಹುಡುಗನ ತಾಯಿಯೂ, "ನಾನೂ ಬಂದೆ" ಎಂದು ಬ್ಯಾಗ್ ಹಿಡಿದು ಎದ್ದರು. ಮಗಳಿಗೆ ಆ ದಿನಗಳಲ್ಲಿ ನಮಾಝ್ ಇರಲಿಲ್ಲ. ಅವಳು ತಂದೆಯ ಜೊತೆ ಕೂತಳು.

ಈ ದೇಶದ ಮಾಲುಗಳ ಬಗ್ಗೆ ನಾನು ಎಷ್ಟೇ ಬೈದರೂ ಹೆಂಗಸರ ನಮಾಝಿನ ಕೋಣೆಗೆ ಬೈಯಲಾರೆ. ಚೊಕ್ಕ ಕಾರ್ಪೆಟು, ಬೆಚ್ಚಗಿನ ನೀರು, ಮಡಚಿಟ್ಟ ನಮಾಝಿನ ಬಟ್ಟೆ, ಸದ್ದಿಲ್ಲ, ವಾಸನೆಯಿಲ್ಲ. ನಮಾಝಿಗೆ ಮೊದಲು ಕೈಕಾಲು ತೊಳೆಯುವ ವುಝೂ ಮಾಡುವಾಗ ಹುಡುಗನ ತಾಯಿ ಪಕ್ಕದ ನಲ್ಲಿಯಲ್ಲಿ ಮುಖ ತೊಳೆದರು. ಬಣ್ಣ ಹೋದ ಮೇಲೆ ಅವರೂ ನನ್ನ ಹಾಗೆಯೇ ಕಂಡರು. ಕಣ್ಣಿನ ಕೆಳಗೆ ಕಪ್ಪು, ದಣಿದ ಮುಖ. ಸ್ವಲ್ಪ ಮನಸ್ಸು ಕರಗಿತು ನನಗೆ.

ಮುಖ ಒರೆಸಲು ಅವರು ಬ್ಯಾಗಿನೊಳಗೆ ಕೈ ಹಾಕಿ ಹುಡುಕಿದರು. ಟಿಶ್ಯೂವಿನ ಉಂಡೆಯೊಂದು ಜಾರಿ ನನ್ನ ಕಾಲ ಬುಡಕ್ಕೆ ಬಿತ್ತು, ಬಿಚ್ಚಿಕೊಂಡಿತು. ಒಳಗೆ ಬ್ರೆಡ್ಡಿನ ತುಂಡುಗಳು. ಚೀಸಿನಲ್ಲಿ ಅದ್ದಿದ್ದು, ತಣ್ಣಗಾಗಿ ಮೇಣದ ಹಾಗೆ ಗಟ್ಟಿಯಾದದ್ದು. ಒಂದು ತುಂಡಲ್ಲ. ಅವರು ಅಷ್ಟು ಹೊತ್ತು ತಿಂದದ್ದೆಲ್ಲ ಅಲ್ಲಿತ್ತು.

ಅವರು ಥಟ್ಟನೆ ಬಗ್ಗಿ ಎತ್ತಿಕೊಂಡರು. ಆಮೇಲೆ ನನ್ನ ಮುಖ ನೋಡಿ ನಕ್ಕರು.

"ನಾನು ಅದನ್ನು ತಿನ್ನುದಿಲ್ಲ ಮಾರಾಯ್ರೆ. ಹಜ್ಜ್ ಮಾಡಿ ಬಂದವಳು, ಬಾಯಿಗೆ ಹೇಗೆ ಹಾಕುದು?"

"ಮತ್ತೆ ಕುದಿದ್ರೆ ಹಾರಿಹೋಗ್ತದೆ ಅಂದ್ರಿ?"

"ಹಾಗೆ ಹೇಳ್ಬೇಕಾಗ್ತದೆ. ಪಕ್ಕದಲ್ಲಿ ಅವನ ಸಾಯ್ಬರು. ನಾವು ಮಕ್ಕಳದ್ದು ತರಿಸಿ ಮುದುಡಿ ಕೂತ್ರೆ ಅವನ ಮರ್ಯಾದೆ ಎಂತ? ಒಳಗೆ ಹೋಗದಿದ್ರೆ ಆಯ್ತಲ್ಲ. ಹೊರಗಿನವರಿಗೆ ತಿಂದ ಹಾಗೆ ಕಂಡ್ರೆ ಆಯ್ತು."

"ನೀವು ತಿನ್ನದ್ದನ್ನು ನನ್ನ ಫೋರ್ಕಿಗೆ ಚುಚ್ಚಿ ಕೊಟ್ರಲ್ಲ?" ಎಂದು ಕೇಳಿಯೇಬಿಟ್ಟೆ. ಕಾಲಿನಿಂದ ನೀರು ಇಳಿಯುತ್ತಿತ್ತು.

ಅವರು ಆ ಉಂಡೆಯನ್ನು ಬ್ಯಾಗಿನ ತಳಕ್ಕೆ ತುರುಕಿದರು. "ನಿಮ್ಮ ಹತ್ರವೂ ಬ್ಯಾಗ್ ಇತ್ತಲ್ಲ" ಎಂದರು. ಅಷ್ಟೇ. ನನ್ನ ಭುಜ ತಟ್ಟಿ, "ಬನ್ನಿ, ಹೊತ್ತು ಹೋಗ್ತದೆ" ಎಂದು ಒಳಗೆ ಹೋದರು.

ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿ ನಮಾಝ್ ಮಾಡಿದೆವು. ಮೂರು ರಕಾತಿನಲ್ಲಿ ನನ್ನ ಮನಸ್ಸು ಎಲ್ಲೂ ನಿಲ್ಲಲಿಲ್ಲ. ಅವರ ಬ್ಯಾಗು ಕಾರ್ಪೆಟಿನ ಮೇಲೆ ನಮ್ಮಿಬ್ಬರ ಮುಂದೆಯೇ ಇತ್ತು. ಸುಜೂದಿಗೆ ನೆಲಕ್ಕೆ ಹಣೆ ಇಟ್ಟಾಗಲೆಲ್ಲ ಅದರಿಂದ ಆ ಒದ್ದೆ ಸಾಕ್ಸಿನ ವಾಸನೆ.

ಹಿಂದಿರುಗಿ ಬಂದ ಮೇಲೆ ಹೆಚ್ಚು ಮಾತಾಗಲಿಲ್ಲ. ಹುಡುಗನ ಮುಖ ಕೆಂಪಾಗಿತ್ತು, ನಗು ಜೋರಾಗಿತ್ತು. ಅದು ಹಾಡಿನ ಗುಂಗೋ ಏನೋ. "ಮಮ್ಮಿ, ಪೂರಾ ಖಾಲಿ ಮಾಡಿದಿರಾ! ಐ ಟೋಲ್ಡ್ ಯು, ನಿಮಗೆ ಇದು ಇಷ್ಟ ಆಗ್ತದೆ ಅಂತ" ಎಂದು ತಾಯಿಯ ಖಾಲಿ ತಟ್ಟೆ ನೋಡಿ ಹೇಳಿದ. ತಾಯಿ, "ಹೊಟ್ಟೆ ಬಿರಿಯುವಷ್ಟು ತಿಂದೆ" ಎಂದರು. ಒಂದೇ ಪಾತ್ರೆಯಲ್ಲಿ ತಿಂದಾಯಿತು, ಇನ್ನು ನಾವೆಲ್ಲ ಒಂದೇ ಮನೆಯವರು, ತಾರೀಖು ನೋಡುವ ಎಂದೂ ಹೇಳಿದರು. ಹಾಗಾದರೆ ಆ ಕ್ರಮ ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಆ ಪಾತ್ರೆ ತರಿಸಿದ್ದರು. ನಾನು, "ನಾಳೆ ಫೋನ್ ಮಾಡಿ ಹೇಳ್ತೇವೆ" ಎಂದು ಸಲಾಂ ಹೇಳಿ ಹೊರಟೆ.

ಮಾಲಿನಿಂದ ಮೆಟ್ರೋ ಸ್ಟೇಶನ್ನಿಗೆ ಉದ್ದದ ಗಾಜಿನ ಸೇತುವೆ. ಗಂಡ ಮುಂದೆ ನಡೆಯುತ್ತಿದ್ದರು. ನಾವು ತಾಯಿ ಮಗಳು ಹಿಂದೆ. ಹೇಳುವುದೋ ಬಿಡುವುದೋ ಎಂದು ನನಗೆ ಸಂಕಟ. ಹೇಳಿದರೆ, ಅಪರೂಪಕ್ಕೆ ನಕ್ಕ ಮಗಳ ನಗು ನಾನೇ ಕಿತ್ತ ಹಾಗೆ. ಬಿಟ್ಟರೆ, ಕಣ್ಣಾರೆ ಕಂಡದ್ದನ್ನು ಮುಚ್ಚಿಟ್ಟ ಹಾಗೆ. ಬಿಸ್ಮಿಲ್ಲಾ ಎಂದು ಹೇಳಿಯೇಬಿಟ್ಟೆ. ಟಿಶ್ಯೂವಿನ ಉಂಡೆ, ಬ್ಯಾಗು, ಅವರ ಮಾತು, ಎಲ್ಲ.

ಅವಳು ನಡೆಯುವುದನ್ನು ನಿಲ್ಲಿಸಿದಳು. ತನ್ನ ಬ್ಯಾಗಿನ ಜಿಪ್ಪು ಎಳೆದು ತೋರಿಸಿದಳು.

ಅದರಲ್ಲೂ ಒಂದು ಟಿಶ್ಯೂವಿನ ಉಂಡೆ.

"ಅವರೇ ಹೇಳಿಕೊಟ್ಟದ್ದು ಉಮ್ಮಾ" ಎಂದಳು. "ಕಿವಿಯಲ್ಲಿ. ಅದ್ದು, ಬಾಯಿಯ ಹತ್ತಿರ ತೆಗೊಂಡು ಹೋಗು, ಆಮೇಲೆ ಮಡಿಲಿಗೆ. ನಾನು ಹಾಗೇ ಮಾಡ್ದೆ. ವನ್ ಟೈಮ್ ಅಲ್ಲ, ಫೋರ್ ಟೈಮ್ಸ್. ಯಾರಿಗೂ ಗೊತ್ತಾಗ್ಲಿಲ್ಲ. ನಿಮಗೂ."

"ಬೇಡ ಅಂತ ಹೇಳ್ಬಹುದಿತ್ತಲ್ಲ ಮಗಾ?"

"ಹೇಳ್ಬಹುದಿತ್ತು. ನೀವು ಹೇಳಿದ್ರಿ. ನನಗೆ ಬಾಯಿ ಬರ್ಲಿಲ್ಲ. ಒಂದೇ ಸಂಜೆಯಲ್ಲಿ ಕಲಿತುಬಿಟ್ಟೆ ನೋಡಿ." ಅವಳ ಕಣ್ಣು ತುಂಬಿತ್ತು. "ನನಗೆ ನನ್ನ ಮೇಲೆಯೇ ಚೀ ಅನ್ನಿಸ್ತದೆ."

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. "ಹುಡುಗ ಒಳ್ಳೆಯವನಿರಬಹುದು. ತಾಯಿಯದ್ದು ಅವನಿಗೆ ಗೊತ್ತಿಲ್ಲವೇನೋ" ಎಂದೆ. ನ್ಯಾಯವಾಗಿ ಅದನ್ನೂ ಹೇಳಬೇಕಲ್ಲ.

"ಗೊತ್ತಿಲ್ಲ. ಅದೇ ಅಲ್ವಾ?" ಎಂದಳು. "ಪಕ್ಕದಲ್ಲೇ ಕೂತು, ಅವರ ಉಮ್ಮ ಏನು ತಿಂತಾರೆ ಅಂತ ಒಮ್ಮೆಯೂ ನೋಡ್ಲಿಲ್ಲ. ಖಾಲಿ ಪ್ಲೇಟ್ ನೋಡಿ ಖುಷಿಯಾದ್ರು. ಅವರಿಗೆ ಇಷ್ಟು ವರ್ಷ ಗೊತ್ತಾಗ್ಲಿಲ್ಲ ಅಂದ್ರೆ ನನ್ನದು ಯಾವಾಗ ಗೊತ್ತಾಗುದು? ಬೇಡ ಉಮ್ಮಾ. ಐ ಕಾಂಟ್. ಬೇಡ."

ಮುಂದೆ ಹೋಗಿದ್ದ ಗಂಡ ತಿರುಗಿ ಬಂದರು. ಅವರಿಗೆ ಕಂಡದ್ದು ಮಗಳ ಕೈಯಲ್ಲಿನ ಬ್ರೆಡ್ಡು ಮಾತ್ರ. "ಅದನ್ನು ಮೆಟ್ರೋದಲ್ಲಿ ತಿನ್ಬೇಡಿ ಮತ್ತೆ, ಫೈನ್ ಹಾಕ್ತಾರೆ!" ಎಂದು ಗಾಬರಿಯಾದರು. ನಾವಿಬ್ಬರೂ ಅಳುವ ಹೊತ್ತಿನಲ್ಲಿ ನಕ್ಕುಬಿಟ್ಟೆವು. ಅವರಿಗೆ ಅರ್ಥವಾಗಲಿಲ್ಲ. ರೈಲು ಹತ್ತಿ ನಾನು ಎಲ್ಲ ಹೇಳಿದ ಮೇಲೆ ಅವರು, "ಆಲೂಗಡ್ಡೆ ಸಹ ಬೆಂದಿರ್ಲಿಲ್ಲ" ಎಂದರು. ಸಂಬಂಧ ಬೇಡ ಎನ್ನುವುದಕ್ಕೆ ಅದೇ ಅವರ ಒಪ್ಪಿಗೆ.

ಆ ಉಂಡೆಯನ್ನು ಸೇತುವೆಯ ಕಸದ ಡಬ್ಬಿಗೆ ಹಾಕಿದ್ದು ನಾನೇ. ನಮ್ಮ ಮನೆಯಲ್ಲಿ ಉಳಿದ ರೊಟ್ಟಿಯನ್ನು ನೆನೆಸಿ ಪಾರಿವಾಳಕ್ಕೆ ಹಾಕುತ್ತೇನೆ, ಒಂದು ಚೂರನ್ನೂ ಬಿಸಾಡಿದವಳಲ್ಲ. ಇದನ್ನು ಹಕ್ಕಿಯ ಮುಂದೆ ಇಡಲಿಕ್ಕೂ ಮನಸ್ಸು ಬರಲಿಲ್ಲ. ಅನ್ನವನ್ನು ಅನ್ನವಲ್ಲದ ಹಾಗೆ ಮಾಡಿಬಿಟ್ಟಿದ್ದರಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾದದ್ದು ಅದಕ್ಕೆ. ಬೂಟಿಗೂ ಅಲ್ಲ, ಹಲಗೆಯ ಗ್ಲಾಸಿಗೂ ಅಲ್ಲ.

ಕಿಸೈಸಿನ ನಮ್ಮ ಮನೆಗೆ ಬಂದು, ಮಸಾಲೆ ಹಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದ ಮೀನು ಕಾಯಿಸಿದೆ. ಮೂವರೂ ಒಂದೇ ತಟ್ಟೆಗೆ ಅನ್ನ ಹಾಕಿಕೊಂಡು ಸುತ್ತ ಕೂತೆವು. ನಾನು ಮುಳ್ಳು ತೆಗೆದು ಮಗಳ ಕಡೆಗೆ ಇಟ್ಟೆ. ಅವಳು ತಿಂದಳು. ಅಳುತ್ತಲೇ ತಿಂದಳು, ಆದರೆ ತಿಂದದ್ದು ಹೊಟ್ಟೆಗೆ ಹೋಯಿತು. ಅಲ್‌ಹಮ್ದುಲಿಲ್ಲಾ.

ಮರುದಿನ ಬೆಳಿಗ್ಗೆ ನಾನು ಫೋನ್ ಮಾಡುವ ಮೊದಲೇ ಹುಡುಗನ ತಾಯಿ ಮಾಡಿದರು. ಕೈಯಲ್ಲಿ ಸೋಪಿನ ನೊರೆ ಇತ್ತು. ಈ ಸಲ ನಾನೇ ಸ್ಪೀಕರಿಗೆ ಹಾಕಿದೆ.

"ಎಂತ ಆಯ್ತು? ತಾರೀಖು?"

"ಆಗ್ಲಿಕ್ಕಿಲ್ಲ" ಎಂದೆ. "ಮಗಳಿಗೆ ಮನಸ್ಸಿಲ್ಲ. ನನಗೂ."

"ಅವಳು ತಿಂದಳಲ್ಲ!" ಎಂದರು. ಧ್ವನಿ ಏರಿತ್ತು. "ಒಂದೇ ಪಾತ್ರೆಯಲ್ಲಿ..."

"ತಿಂದಿಲ್ಲ. ನಿಮಗೆ ಗೊತ್ತುಂಟು. ನೀವೂ ತಿಂದಿಲ್ಲ."

ಆಚೆ ಕಡೆ ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. "ಮಗನಿಗೆ ಅದನ್ನು ಹೇಳ್ಬೇಡಿ ಆಯ್ತಾ" ಎಂದರು, ಬಣ್ಣ ತೊಳೆದ ಮುಖದ ಆ ಧ್ವನಿಯಲ್ಲಿ.

"ನಾನು ಹೇಳುದಿಲ್ಲ. ನೀವೇ ಹೇಳಿ" ಎಂದೆ. ಅವರ ಮನೆಗೆ ಒಳ್ಳೆಯದಾಗಲಿ ಎಂದು ದುವಾ ಮಾಡಿದೆ. ಬಾಯಿಮಾತಿಗೆ ಮಾಡಿದ್ದಲ್ಲ ಅದು.

ಬಕೆಟಿನಲ್ಲಿ ಹಿಂದಿನ ದಿನದ ಅಬಾಯ, ಸ್ವೆಟರ್ ನೆನೆಯುತ್ತಿದ್ದವು. ಒಮ್ಮೆ ತೊಳೆದು ಮೂಸಿ ನೋಡಿದೆ. ಚೀಸು ಇನ್ನೂ ಹೋಗಿರಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಕಾಣಿಸಿದರೆ ಬಿಲ್ಡಿಂಗಿನವರ ತಕರಾರು, ಒಳಗೇ ಒಣಗಿಸಬೇಕು. ಒಣಗಿಸಿದರೆ ಮನೆಯೆಲ್ಲ ಅದೇ ವಾಸನೆ ಆಗುತ್ತದೆ. ನೀರು ಚೆಲ್ಲಿ, ಎರಡು ಲಿಂಬೆ ಹಿಂಡಿ, ಮತ್ತೆ ಸೋಪು ಹಾಕಿ ತಿಕ್ಕಲು ಕೂತೆ.